ಗೋಡೆ ದಪ್ಪ ಇದ್ದರೆ ಸ್ಟ್ರೇನ್ ನೋಡಲೇಬೇಕು

ಎಕೋ ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಇಎಫ್ ಮೇಲೆ, ಅಂದರೆ ಪ್ರತಿ ಬಡಿತಕ್ಕೆ ಹೃದಯ ತನ್ನಲ್ಲಿರುವ ರಕ್ತದ ಎಷ್ಟು ಪಾಲನ್ನು ಹೊರದೂಡುತ್ತದೆ ಅನ್ನುವ ಲೆಕ್ಕದ ಮೇಲೆ. 60% ಅಂತಿದ್ದರೆ ಮನೆಯವರಿಗೆಲ್ಲ ನಿರಾಳ. ದಿನಾ ಎಕೋ ಮಾಡುವ ನನಗೆ ಮಾತ್ರ, ವಯಸ್ಸಾದವರಲ್ಲಿ ಹೃದಯದ ಗೋಡೆ ದಪ್ಪ ಇದ್ದು, ಜೊತೆಗೆ ಏದುಸಿರು, ಕಾಲು ಬಾವು ಇದ್ದರೆ ಆ 60ರ ಮೇಲೆ ನಂಬಿಕೆ ಬರುವುದಿಲ್ಲ.

'ಬಿಪಿಯಿಂದ ದಪ್ಪ ಆಗಿದೆ' ಅಂತ ಬರೆದು ಮುಗಿಸುವ ರೂಢಿ ನಮ್ಮಲ್ಲಿ ಜಾಸ್ತಿ. ಎಷ್ಟೋ ಸಲ ಅದು ಸರಿಯೇ. ಆದರೆ ಕೆಲವರಲ್ಲಿ ದಪ್ಪ ಆಗಿರುವುದು ಮಾಂಸಖಂಡ ಅಲ್ಲ. ಅಮಿಲಾಯ್ಡ್ ಅನ್ನುವ ಕೆಟ್ಟ ಪ್ರೋಟೀನು ಜೀವಕೋಶಗಳ ನಡುವೆ ಸೇರಿಕೊಂಡಿರುತ್ತದೆ. ಅದಕ್ಕೇ ಗೋಡೆ ಅಷ್ಟು ದಪ್ಪ ಇದ್ದರೂ ಕೆಲವರ ಇಸಿಜಿಯಲ್ಲಿ ಗೆರೆಗಳು ಗಿಡ್ಡ.

ಇಲ್ಲಿ ಸ್ಟ್ರೇನ್ ಕೆಲಸಕ್ಕೆ ಬರುತ್ತದೆ. ಚಿತ್ರದಲ್ಲಿನ ಸಣ್ಣ ಚುಕ್ಕೆಗಳನ್ನು ಮೆಷಿನ್ ಹಿಂಬಾಲಿಸಿ, ಹೃದಯದ ಯಾವ ಭಾಗ ಉದ್ದಕ್ಕೆ ಎಷ್ಟು ಕುಗ್ಗಿತು ಅಂತ ಲೆಕ್ಕ ಹಾಕುತ್ತದೆ. ಆರೋಗ್ಯವಂತರಲ್ಲಿ ಮೈನಸ್ 20% ಆಸುಪಾಸು (ಕುಗ್ಗುವುದರಿಂದ ಮೈನಸ್). ಅಮಿಲಾಯ್ಡ್ ಇದ್ದಾಗ ಬುಡ, ನಡುಭಾಗ ಸೋತಿರುತ್ತವೆ. ತುದಿ ಮಾತ್ರ ಗಟ್ಟಿಯಾಗಿ ಕುಗ್ಗುತ್ತಿರುತ್ತದೆ. ಎಲ್ಲ ಭಾಗಗಳನ್ನೂ ಒಟ್ಟಿಗೆ ತೋರಿಸುವ ದುಂಡನೆ ಚಿತ್ರದಲ್ಲಿ ತುದಿ ಇರುವ ನಟ್ಟನಡುವೆ ಗಾಢ ಕೆಂಪು, ಸುತ್ತಲೂ ಪೇಲವ ಗುಲಾಬಿ. ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ. 2012ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು ಇದಕ್ಕೊಂದು ಲೆಕ್ಕ ಕೊಟ್ಟರು. ಬುಡದ ಸರಾಸರಿ, ನಡುಭಾಗದ ಸರಾಸರಿ ಕೂಡಿಸಿ. ಅದರಿಂದ ತುದಿಯ ಸರಾಸರಿಯನ್ನು ಭಾಗಿಸಿ. 1 ದಾಟಿದರೆ ಅನುಮಾನ ಪಡಬೇಕು.

ಅನುಮಾನ ಅಷ್ಟೇ, ತೀರ್ಪಲ್ಲ. ಅಯೋರ್ಟಿಕ್ ಕವಾಟ ಕಿರಿದಾದವರಲ್ಲೂ ಇಂಥದೇ ಚಿತ್ರ ಬರಬಹುದು. ಬಡಿತ ಏರುಪೇರಾಗಿದ್ದರೆ ಲೆಕ್ಕವೇ ಕೈಕೊಡುತ್ತದೆ. ಮುಂದೆ ರಕ್ತ, ಮೂತ್ರದಲ್ಲಿ ಲೈಟ್ ಚೈನ್ (ರೋಗನಿರೋಧಕ ಪ್ರೋಟೀನಿನ ತುಣುಕು) ಪರೀಕ್ಷೆ, ಪಿವೈಪಿ ಸ್ಕ್ಯಾನ್ (ವಿಕಿರಣ ಸೂಸುವ ಔಷಧಿ ಚುಚ್ಚಿ ತೆಗೆಯುವ ಹೃದಯದ ಚಿತ್ರ) ಆಗಬೇಕು. ಸ್ಕ್ಯಾನ್ ಒಂದನ್ನೇ ನಂಬಬಾರದು. ಲೈಟ್ ಚೈನ್‌ನಿಂದ ಬರುವ ಎಎಲ್ ಬಗೆಯಲ್ಲೂ ಅದು ಪಾಸಿಟಿವ್ ಬರಬಹುದು. ಎಎಲ್ ಆದರೆ ಒಂದು ವಾರವೂ ದೊಡ್ಡದೇ, ತಕ್ಷಣ ರಕ್ತರೋಗ ತಜ್ಞರ ಹತ್ತಿರ ಕೀಮೋ ಶುರುವಾಗಬೇಕು. ಲಿವರ್‌ನಲ್ಲಿ ತಯಾರಾಗುವ ಟ್ರಾನ್ಸ್‌ಥೈರೆಟಿನ್ ಅನ್ನುವ ಪ್ರೋಟೀನಿನಿಂದ ಬಂದಿದ್ದರೆ ಟಫಾಮಿಡಿಸ್ ಅನ್ನುವ ಔಷಧಿ ಇದೆ. ಅದು ಸಾವನ್ನು ಕಡಿಮೆ ಮಾಡುತ್ತದೆ ಅಂತ 2018ರ ದೊಡ್ಡ ಅಧ್ಯಯನದಲ್ಲಿ ಗೊತ್ತಾಯಿತು. ಆದರೆ ಅದು ಕಾಯಿಲೆಯನ್ನು ನಿಧಾನ ಮಾಡುತ್ತದೆಯೇ ಹೊರತು ಆದ ಹಾನಿಯನ್ನು ಅಳಿಸುವುದಿಲ್ಲ. ತಡವಾಗಿ ಗೊತ್ತಾದರೆ ಏನು ಪ್ರಯೋಜನ, ಅಲ್ವಾ?

ನನ್ನ ಬೇಸರ ಇಷ್ಟೇ. ಎಷ್ಟೋ ಮೆಷಿನ್‌ಗಳಲ್ಲಿ ಸ್ಟ್ರೇನ್ ಸಾಫ್ಟ್‌ವೇರ್ ಇದ್ದೂ ಸುಮ್ನೆ ಬಿದ್ದಿರುತ್ತದೆ. ಹೊರಗೆ ಕ್ಯೂ ಇದೆ ಅಂತ ಇಸಿಜಿ ವೈರನ್ನೇ ಹಚ್ಚುವುದಿಲ್ಲ. ಅದಿಲ್ಲದೆ ಸರಿಯಾದ ಸ್ಟ್ರೇನ್ ಬರುವುದು ಕಷ್ಟ. ಹೆಚ್ಚಿಗೆ ಹಿಡಿಯುವುದು ಕೆಲವೇ ನಿಮಿಷ. ಆ ಹೊತ್ತಲ್ಲೇ ಅಮಿಲಾಯ್ಡ್‌ನ ಸುಳಿವು ಕೊಡುವ ಎರಡು ಪ್ರಶ್ನೆಯನ್ನೂ ಕೇಳಿಬಿಡಬಹುದು. ಎರಡೂ ಕೈಗೆ ಜೋಮು ಹಿಡಿದು ಮಣಿಕಟ್ಟಿನ ಆಪರೇಷನ್ ಆಗಿತ್ತಾ? ವರ್ಷಗಟ್ಟಲೆ ನುಂಗುತ್ತಿದ್ದ ಬಿಪಿ ಮಾತ್ರೆ ಈಗ ಬೇಡವಾಗಿದೆಯಾ? ಎಕೋಗೆ ಚೀಟಿ ಬರೆಯುವ ಡಾಕ್ಟರ್ ಕೂಡ ಇವನ್ನೇ ಕೇಳಲಿ, ಹೌದು ಅಂದರೆ ಚೀಟಿಯಲ್ಲೇ 'ಸ್ಟ್ರೇನ್ ನೋಡಿ' ಅಂತ ಒಂದು ಸಾಲು ಸೇರಿಸಲಿ.