ಸೆಟ್ ಆಗುತ್ತೆ ಸಾರ್!

ನಿನ್ನೆ ಸಂಜೆ ನಮ್ಮನೆ ಮೀನು ಗುಂಡನ ಫುಡ್ ಖಾಲಿಯಾಗಿತ್ತು ಅಂತ ಅಕ್ವೇರಿಯಂ ಅಂಗಡಿಗೆ ಹೋಗಿದ್ದೆ. ಅಂಗಡಿ ಹೆಸರು ಬೇಡ. ಎಲ್ಲ ಅಂಗಡಿಯಲ್ಲೂ ಇದೇ ಕಥೆ.

ಅಲ್ಲಿ ಒಬ್ಬರು, ಜೊತೆಗೆ ಏಳೆಂಟು ವರ್ಷದ ಮಗಳು. ಅವರು ಕೇಳಿದ ಪ್ರಶ್ನೆಗೆ ನಾನು ಬಿಲ್ ಕೊಡೋದು ಬಿಟ್ಟು ನಿಂತುಬಿಟ್ಟೆ. "ಸುಮ್ನೆ ಆ ಕಡೆಯಿಂದ ಈ ಕಡೆ ಓಡಾಡೋ ಮೀನು ಬೇಡ. ನಮ್ಮನ್ನ ಗುರುತು ಹಿಡಿಯೋ ಮೀನು ಯಾವುದಿದೆ? ಇವಳು ಹತ್ತಿರ ಹೋದ್ರೆ ಬರಬೇಕು ಅಂಥದ್ದು."

ಎಂಥ ಒಳ್ಳೇ ಪ್ರಶ್ನೆ ನೋಡಿ! ಸಾಮಾನ್ಯವಾಗಿ ಜನ ಕೇಳೋದು ಸೋಫಾ ಬಣ್ಣಕ್ಕೆ ಹೊಂದುತ್ತಾ, ವಾಸ್ತು ಪ್ರಕಾರ ಯಾವ ಮೂಲೆ, ಸತ್ರೆ ವಾಪಸ್ ತಗೋತೀರಾ. ಇವರು ಮೀನಿನ ಸ್ವಭಾವ ಕೇಳುತ್ತಿದ್ದಾರೆ. ಅಂಗಡಿಯವನು ಏನು ಕೊಟ್ಟ ಗೊತ್ತಾ? ಒಂದು ಅಡಿಯ ಟ್ಯಾಂಕು. ಅದರೊಳಗೆ ಎರಡು ಟೈಗರ್ ಆಸ್ಕರ್ ಮರಿ, ನಾಲ್ಕು ಗಪ್ಪಿ, ಒಂದು ಗೋಲ್ಡ್ ಫಿಶ್. ಮೇಲಿಂದ ಬಾಯಿ ತೆರೆದು ಮುಚ್ಚುವ ಒಂದು ಪ್ಲಾಸ್ಟಿಕ್ ಮೊಸಳೆ.

"ಎಲ್ಲಾ ಒಟ್ಟಿಗೆ ಇರುತ್ವಾ?"

"ಇರುತ್ವೆ ಸಾರ್. ಸೆಟ್ ಆಗುತ್ತೆ."

ಸೆಟ್ ಆಗುತ್ತೆ, ನಿಜ. ತಿಂಗಳೊಪ್ಪತ್ತಿನಲ್ಲಿ ಗಪ್ಪಿಗಳು ಆಸ್ಕರ್ ಹೊಟ್ಟೆಯಲ್ಲಿ ಸೆಟ್ ಆಗುತ್ತವೆ. ನನಗೆ ತಡೆಯಲಾಗಲಿಲ್ಲ. "ಸಾರ್, ಆ ಆಸ್ಕರ್ ಮೀನು ಒಂದು ಅಡಿ ಬೆಳೆಯುತ್ತೆ, ಟ್ಯಾಂಕೇ ಒಂದು ಅಡಿ ಇದೆ" ಅಂದೆ. ಅಂಗಡಿಯವನು ನನ್ನ ಕಡೆ ತಿರುಗಿಯೂ ನೋಡದೆ ಹೇಳಿದ: "ಟ್ಯಾಂಕ್ ಎಷ್ಟಿದ್ಯೋ ಅಷ್ಟೇ ಬೆಳೆಯುತ್ತೆ ಮೇಡಂ." ಆ ಸಾರ್ ನನ್ನನ್ನು ಅಧಿಕಪ್ರಸಂಗಿ ಅನ್ನೋ ಹಾಗೆ ನೋಡಿ, ದುಡ್ಡು ಕೊಟ್ಟು ಹೋದರು. ಮಗು ಮಾತ್ರ ಪ್ಲಾಸ್ಟಿಕ್ ಕವರಿನೊಳಗಿನ ಮೀನನ್ನೇ ನೋಡುತ್ತಿತ್ತು. ಆ ಮೀನೂ ಮಗುವನ್ನೇ ನೋಡುತ್ತಿತ್ತು. ಹೊಟ್ಟೆ ಉರಿದಿದ್ದು ಅಲ್ಲಿ.

ಟ್ಯಾಂಕಿಗೆ ತಕ್ಕಂತೆ ಮೀನು ಬೆಳೆಯುತ್ತೆ ಅನ್ನೋ ಈ ಮಾತನ್ನು ಯಾರು ಹುಟ್ಟಿಸಿದರೋ. ಚಿಕ್ಕ ಟ್ಯಾಂಕಿನಲ್ಲಿ ಮೀನು ಗಿಡ್ಡವಾಗಿ ಉಳಿಯೋದು ಹೊಂದಿಕೊಂಡು ಅಲ್ಲ. ತನ್ನದೇ ಹೊಲಸು ನೀರಿನಲ್ಲಿ ಉಸಿರಾಡಿ ಬೆಳವಣಿಗೆ ನಿಂತುಹೋಗಿರುತ್ತದೆ. ಆಮೇಲೆ ಒಂದು ದಿನ ಮೇಲೆ ತೇಲುತ್ತದೆ. ಆಗ ಜನ "ನಮ್ಮ ಕೈಗೆ ಮೀನು ಆಗಿ ಬರಲ್ಲ" ಅಂತಾರೆ. ನಿಮ್ಮ ಕೈಗೆ ಏನೂ ಆಗಿಲ್ಲರೀ, ನಿಮಗೆ ಯಾರೂ ಸರಿಯಾಗಿ ಹೇಳಿಲ್ಲ ಅಷ್ಟೇ.

ನಮ್ಮ ಗುಂಡನ ವಿಷಯ ನಿಮಗೆಲ್ಲ ಗೊತ್ತೇ ಇದೆ, ಫೋಟೋ ಹಾಕಿ ಹಾಕಿ ನಿಮ್ಮ ತಲೆ ತಿಂದಿದ್ದೇನೆ. ಹೊಸಬರಿಗಾಗಿ ಹೇಳುತ್ತೇನೆ. ಅವನೂ ಆಸ್ಕರ್. ಅವನೋ ಅವಳೋ ಗೊತ್ತಿಲ್ಲ, ಆಸ್ಕರ್‌ಗಳಲ್ಲಿ ಹೊರಗಿನಿಂದ ನೋಡಿ ಹೇಳೋದು ಕಷ್ಟ. ಮೂಲ ದಕ್ಷಿಣ ಅಮೆರಿಕದ ಅಮೆಜಾನ್ ಕಡೆಯದು, ಸಿಕ್ಲಿಡ್ ಅನ್ನೋ ಮೀನಿನ ಕುಟುಂಬದ್ದು. ಮೀನು ಸಾಕುವವರು ಇದನ್ನು ನೀರಿನ ನಾಯಿ ಅಂತ ಸುಮ್ನೆ ಕರೆಯಲ್ಲ. ಯಾರಾದರೂ ಹಾಲ್‌ಗೆ ಬಂದರೆ ಸಾಕು, ಮುಂದಿನ ಗಾಜಿಗೆ ಬಂದು ಇಡೀ ಮೈ ಅಲ್ಲಾಡಿಸುತ್ತಾನೆ. ಕಣ್ಣು ನಮ್ಮ ಜೊತೆಗೇ ತಿರುಗುತ್ತದೆ. ಬೆಳಿಗ್ಗೆ ತಿಂಡಿ ತಡವಾದರೆ ತಳದ ಕಲ್ಲನ್ನು ಬಾಯಲ್ಲಿ ಎತ್ತಿ ಗಾಜಿನ ಹತ್ತಿರ ತಂದು ಉಗಿಯುತ್ತಾನೆ. ಟಕ್, ಟಕ್. ಮನೆಯಲ್ಲಿ ಅಲಾರಂ ಇಡೋದೇ ಬಿಟ್ಟಿದ್ದೇವೆ. ಟ್ಯಾಂಕ್ ತೊಳೆಯುವಾಗ ಅವನ ಬೇರಿನ ತುಂಡನ್ನು ಎಡಗಡೆಯಿಂದ ಬಲಗಡೆಗೆ ಇಟ್ಟರೆ ತಳಕ್ಕೆ ಹೋಗಿ ಒಂದು ಪಕ್ಕಕ್ಕೆ ಮಲಗಿ ಮುನಿಸು. ಮೊದಲ ಸಲ ನೋಡುವವರು ಸತ್ತೇಹೋಯಿತು ಅಂದುಕೊಳ್ಳಬೇಕು, ಹಾಗೆ. ಸಂಜೆಗೆ ಎದ್ದು ಆ ತುಂಡನ್ನು ತಾನೇ ತಳ್ಳಲು ಶುರು ಮಾಡುತ್ತಾನೆ.

ಈಗ ಲೆಕ್ಕ ಕೇಳಿ. ಅವನಿರೋದು 4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕಿನಲ್ಲಿ. ಪೂರ್ತಿ ತುಂಬಿಸಿದರೆ ಸುಮಾರು 340 ಲೀಟರ್ ನೀರು. ಅಂದರೆ ನೀರಿನ ತೂಕವೇ 340 ಕೆ.ಜಿ., ಗಾಜು, ಕಲ್ಲು, ಸ್ಟ್ಯಾಂಡ್ ಬೇರೆ. ಅದಕ್ಕೆ ಜಾಗ ಮಾಡಲು ಟಿ.ವಿ. ಒಳಗಿನ ರೂಮಿಗೆ ಹೋಯಿತು. ಆಸ್ಕರ್ ಗಲೀಜು ಮಾಡುವುದರಲ್ಲೂ ಎತ್ತಿದ ಕೈ, ಹಾಗಾಗಿ ವಾರಕ್ಕೊಮ್ಮೆ ನೀರು ಬದಲಿಸಬೇಕು. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ದಾಟಿ ಬದುಕುತ್ತದೆ. ಎರಡು ಇಂಚಿನ ಮರಿಯನ್ನು ಕವರಿಗೆ ಹಾಕಿ ಕೊಡುವವನು ಇದರಲ್ಲಿ ಒಂದನ್ನಾದರೂ ಹೇಳಬೇಕಲ್ವಾ? ಇಲ್ಲ. ಸೆಟ್ ಆಗುತ್ತೆ!

ಮನುಷ್ಯರನ್ನು ಗಮನಿಸುವ ಮೀನು ಬೇಕು, ಆದರೆ ಅದು ಟೀಪಾಯಿ ಮೇಲೆ ಹಿಡಿಸಬೇಕು, ಗಲೀಜು ಮಾಡಬಾರದು, ಪಕ್ಕದ ಮೀನು ತಿನ್ನಬಾರದು ಅಂದರೆ ಹೇಗೆ ಸ್ವಾಮಿ? ನಿಮ್ಮನ್ನು ನೋಡಿ ಓಡಿಬರುವ ಅದೇ ಚುರುಕುತನವೇ ಗಪ್ಪಿಯನ್ನೂ ಬೇಟೆಯಾಡುವುದು.

ನಿನ್ನೆ ರಾತ್ರಿ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಇದನ್ನೇ ಬರೆದಿದ್ದಕ್ಕೆ ಭಾವನವರ ಉತ್ತರ: "ಅದು ತಿಂಡಿಗೋಸ್ಕರ ಬರುತ್ತೆ ಅಷ್ಟೇ. ಮೀನಿಗೆಲ್ಲ ಗುರುತು ಹಿಡಿಯೋಕೆ ಬರಲ್ಲ, ಮೂರು ಸೆಕೆಂಡ್ ಮೆಮೊರಿ ಅದಕ್ಕೆ." ತಿಂಡಿಗೋಸ್ಕರ ಬರುತ್ತೆ ಅನ್ನೋದು ಅರ್ಧ ಒಪ್ಪಿದೆ. ತೀರ್ಥಹಳ್ಳಿ ಹತ್ತಿರ ಚಿಬ್ಬಲಗುಡ್ಡೆಯಲ್ಲಿ ತುಂಗೆಯ ಮೆಟ್ಟಿಲಿನ ಮೇಲೆ ಮಂಡಕ್ಕಿ ಹಿಡಿದು ನಿಂತರೆ ಮೊಣಕೈ ಉದ್ದದ ಮೀನುಗಳು ಒಂದರ ಮೇಲೊಂದು ಬೀಳುತ್ತವೆ. ಶೃಂಗೇರಿಯಲ್ಲೂ ಹಾಗೇ. ಅವಕ್ಕೆ ನಾನೂ ಒಂದೇ, ನೀವೂ ಒಂದೇ, ಮಂಡಕ್ಕಿ ಮುಖ್ಯ. ಆದರೆ ತಿಂಡಿ ಯಾರ ಕೈಯಿಂದ, ಯಾವಾಗ, ಯಾವ ಕಡೆಯಿಂದ ಬರುತ್ತೆ ಅಂತ ನೆನಪಿಟ್ಟುಕೊಳ್ಳುವುದಕ್ಕೂ ತಲೆ ಬೇಕಲ್ಲ ಭಾವಾ. ಮೂರು ಸೆಕೆಂಡ್ ಅನ್ನೋದು ಶುದ್ಧ ಬುರುಡೆ.

ಜೇನುಹುಳದ ಕುಣಿತದ ಅರ್ಥ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ ಗೊತ್ತಲ್ಲ, 1973ರಲ್ಲಿ ನೊಬೆಲ್ ಬಂತು. ಅವರು ಅದಕ್ಕೂ ಎಷ್ಟೋ ಮೊದಲು, 1923ರಲ್ಲೇ, ಸಿಳ್ಳೆ ಹಾಕಿದರೆ ಬರುವ ಕ್ಯಾಟ್‌ಫಿಶ್ ಬಗ್ಗೆ ಬರೆದಿದ್ದರು. ಕಣ್ಣಿಲ್ಲದ ಆ ಮೀನಿಗೆ ಸಿಳ್ಳೆ ಹಾಕಿ ತಿಂಡಿ ಕೊಟ್ಟು ಅಭ್ಯಾಸ ಮಾಡಿಸಿದ್ದರು. ಆಮೇಲೆ ಬರೀ ಸಿಳ್ಳೆಗೇ ಅದು ಅಡಗುತಾಣದಿಂದ ಹೊರಗೆ ಬರುತ್ತಿತ್ತು. ಇನ್ನು 2016ರಲ್ಲಿ ಆಕ್ಸ್‌ಫರ್ಡ್ ಮತ್ತು ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಆರ್ಚರ್ ಫಿಶ್‌ಗೆ ಮನುಷ್ಯರ ಮುಖ ತೋರಿಸಿ ನೋಡಿದರು. ಬಾಯಿಂದ ನೀರು ಚಿಮ್ಮಿಸಿ ಎಲೆ ಮೇಲಿನ ಹುಳ ಬೀಳಿಸುತ್ತಲ್ಲ, ಆ ಮೀನು. ಕಲಿತ ಒಂದು ಮುಖವನ್ನು 44 ಹೊಸ ಮುಖಗಳ ಎದುರು ಗುರುತಿಸಿ ಅದರ ಮೇಲೆ ನೀರು ಉಗಿಯಬೇಕು. ನೂರಕ್ಕೆ 81ರಷ್ಟು ಸಲ ಸರಿಯಾಗಿ ಉಗಿಯಿತು. ಮದುವೆಮನೆಯಲ್ಲಿ ಭಾವನವರಿಗೆ ಈ ಅಂಕ ಬರಲ್ಲ, ಅಕ್ಕನ್ನ ಕೇಳಿ.

ಪ್ರೀತಿಯೋ ತಿಂಡಿಯೋ ಅನ್ನೋ ಚರ್ಚೆಯಲ್ಲಿ ನನಗೆ ಆಸಕ್ತಿ ಇಲ್ಲ. ನನಗಿರೋದು ಬೇರೆ ಹೊಟ್ಟೆಕಿಚ್ಚು. ಟ್ಯಾಂಕ್ ಬಂದ ದಿನ ನಮ್ಮ ಅತ್ತೆ ಹೇಳಿದ್ದು, "ಅಡುಗೆಮನೆ ಗೋಡೆಗೆ ತಾಗಿಸಬೇಡ ಮಾರಾಯ್ತಿ, ಮೈಲಿಗೆ." ಈಗ ಬೆಳಿಗ್ಗೆ ಸ್ನಾನ ಮಾಡಿ ಹೂವಿನ ಬುಟ್ಟಿ ಹಿಡಿದು ಹೊರಟರೆ ಗುಂಡ ಅವರ ಜೊತೆಗೇ ಟ್ಯಾಂಕಿನ ಆ ತುದಿಯವರೆಗೆ ಹೋಗುತ್ತಾನೆ. "ಬಂದೆ ಇರೋ, ದೇವರಿಗೆ ಹೂವು ಇಟ್ಟು ಬರ್ತೀನಿ" ಅಂತ ಅವರ ಮಾತು ಬೇರೆ. ಫಿಲ್ಟರ್ ತೊಳೆಯೋದು ನಾನು, ಬಕೆಟ್ ಹೊರೋದು ನಾನು, ಮೈ ಅಲ್ಲಾಡಿಸೋದು ಅತ್ತೆಗೆ! ಅವರು ಸಾಗರಕ್ಕೆ ಮಗಳ ಮನೆಗೆ ಹೋದಾಗ ಎರಡು ದಿನ ಬಾಗಿಲ ಕಡೆ ನೋಡಿ, ಮೂರನೇ ದಿನ ನನ್ನ ಹತ್ತಿರ ಬಂದ. ಖುಷಿಯಾಯ್ತು, ಸುಳ್ಳು ಯಾಕೆ ಹೇಳಲಿ. ಅತ್ತೆ ಇನ್ನೊಂದು ವಾರ ಅಲ್ಲೇ ಇರಲಿ ಅಂತಲೂ ಅನ್ನಿಸಿತು. (ಅವರು ಫೇಸ್‌ಬುಕ್‌ನಲ್ಲಿ ಇಲ್ಲ.)

ಸರಿ, ನಾಲ್ಕಡಿ ಜಾಗ ಇಲ್ಲದವರು ಏನು ಮಾಡಬೇಕು? ಆ ಅಂಗಡಿಯವನು ಮನಸ್ಸು ಮಾಡಿದ್ದರೆ ಕೈಯಳತೆಯಲ್ಲೇ ಉತ್ತರ ಇತ್ತು. ಕೌಂಟರ್ ಮೇಲೆ ಜ್ಯೂಸ್ ಗ್ಲಾಸಿನಂಥ ಡಬ್ಬಿಗಳಲ್ಲಿ ಸಾಲಾಗಿ ಇಟ್ಟಿದ್ದ ಫೈಟರ್ ಮೀನುಗಳು. ಒಂದೇ ಒಂದು ಗಂಡು ಫೈಟರ್, 20 ಲೀಟರ್ ಟ್ಯಾಂಕು, ಎರಡು ಗಿಡ, ಮೆಲ್ಲಗೆ ಓಡುವ ಫಿಲ್ಟರ್. ಮೇಲೆ ಒಂದು ಮುಚ್ಚಳ, ಯಾಕೆಂದರೆ ಹಾರುತ್ತದೆ. ಕೆಲವು ವಾರದಲ್ಲಿ ನಿಮ್ಮ ಬೆರಳಿನ ಹಿಂದೆ ಗಾಜಿನುದ್ದಕ್ಕೂ ಬರುತ್ತದೆ. ಬೆರಳ ತುದಿಯಲ್ಲಿ ಮೀನಿನ ತಿಂಡಿಯ ಕಾಳು ಹಿಡಿದರೆ ಮೇಲೆ ಬಂದು ಕಚ್ಚಿಕೊಳ್ಳುತ್ತದೆ. ಕನ್ನಡಿ ತೋರಿಸಿದರೆ ಕಿವಿರು ಬಿಚ್ಚಿ ಜಗಳಕ್ಕೆ ನಿಲ್ಲುತ್ತದೆ (ಜಾಸ್ತಿ ಹೊತ್ತು ತೋರಿಸಬೇಡಿ, ಪಾಪ ಸುಸ್ತಾಗುತ್ತದೆ). ಅದು ನೀರಿನ ಮೇಲಿನ ಗಾಳಿಯನ್ನೂ ಉಸಿರಾಡಬಲ್ಲದು ಅನ್ನೋ ಒಂದೇ ಕಾರಣಕ್ಕೆ ನಮ್ಮವರು ಅದನ್ನು ಲೋಟದಲ್ಲಿ ಇಡುತ್ತಾರೆ. ಉಸಿರಾಡುತ್ತೆ ಅಂತ ಲೋಟದಲ್ಲಿ ಬದುಕಬೇಕಾ? ನಾವೂ ಲಿಫ್ಟಿನಲ್ಲಿ ಉಸಿರಾಡುತ್ತೇವೆ.

ಇನ್ನೂ ಸ್ವಲ್ಪ ಪಳಗಿದವರಾದರೆ ಪೀ ಪಫರ್ ಇದೆ. ನಮ್ಮ ಪಶ್ಚಿಮ ಘಟ್ಟದ್ದೇ, ಒಂದು ಇಂಚಿನ ಮೀನು. ಎರಡು ಕಣ್ಣನ್ನೂ ಬೇರೆ ಬೇರೆ ತಿರುಗಿಸುತ್ತಾ, ಇವರು ಯಾರಪ್ಪ ಅಂತ ನಮ್ಮನ್ನೇ ಪರೀಕ್ಷೆ ಮಾಡುತ್ತದೆ. ಆದರೆ ಕಾಳು ಹಾಕಿದರೆ ಸಾಮಾನ್ಯವಾಗಿ ಮೂಸಿಯೂ ನೋಡಲ್ಲ, ಅದಕ್ಕೆ ಬಸವನಹುಳು, ಸಣ್ಣ ಹುಳ ಬೇಕು. ಬೇರೆ ಮೀನಿನ ಬಾಲವನ್ನೂ ಬಿಡಲ್ಲ. ಹೊಳೆಯಲ್ಲಿ ಹಿಡಿದು ಹಿಡಿದು ಸಂಖ್ಯೆಯೂ ಕಡಿಮೆಯಾಗಿದೆ, ಹಾಗಾಗಿ ಟ್ಯಾಂಕಿನಲ್ಲೇ ಮರಿ ಮಾಡಿಸಿದವರ ಹತ್ತಿರ ಸಿಕ್ಕರೆ ಮಾತ್ರ ತನ್ನಿ. ನಿಯಾನ್ ಟೆಟ್ರಾ ತಂದು "ನನ್ನ ಕಡೆ ನೋಡಲ್ಲ" ಅಂತ ಬೇಜಾರಾಗಬೇಡಿ. ಅದಕ್ಕೆ ಅದರ ಗುಂಪೇ ಪ್ರಪಂಚ.

ಯಾವುದೇ ಮೀನು ತಂದರೂ ಟ್ಯಾಂಕು ಮೊದಲು, ಮೀನು ಆಮೇಲೆ. ಮೀನಿನ ಹೊಲಸಿನಿಂದ ಅಮೋನಿಯಾ ಬರುತ್ತದೆ. ಅದನ್ನು ಕಡಿಮೆ ಅಪಾಯದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಲು ನಾಲ್ಕಾರು ವಾರ ಬೇಕು. ಆವತ್ತೇ ಟ್ಯಾಂಕು, ಆವತ್ತೇ ನಲ್ಲಿ ನೀರು, ಆವತ್ತೇ ಏಳು ಮೀನು ಅಂದರೆ ಬದುಕುವುದು ಪ್ಲಾಸ್ಟಿಕ್ ಮೊಸಳೆ ಮಾತ್ರ. ಆಂಟಿ ಕ್ಲೋರಿನ್ ಹನಿ ಹಾಕಿದರೆ ಕ್ಲೋರಿನ್ ಹೋಗುತ್ತೆ, ಬ್ಯಾಕ್ಟೀರಿಯಾ ಬರಲ್ಲ. ಮತ್ತೆ ದಯವಿಟ್ಟು ಮಕ್ಕಳಿಗೆ ಗಾಜು ಬಡಿಯಬೇಡ ಅಂತ ಹೇಳಿ. ಮೀನಿನ ಮೈ ಪಕ್ಕದಲ್ಲಿ ಉದ್ದಕ್ಕೂ ಒಂದು ಗೆರೆ ಇರುತ್ತದೆ, ನೀರಿನ ಸಣ್ಣ ಕಂಪನವೂ ಅದರಿಂದ ಮೀನಿಗೆ ತಿಳಿಯುತ್ತದೆ. ಹಾಗೆ ಬಡಿದು ಕರೆದರೆ ಅದು ಬರಲ್ಲ, ಓಡುತ್ತದೆ.

ಕಾಮೆಂಟಿನಲ್ಲಿ ಕಾಣೆ ಮೀನಿನ ಫ್ರೈ ಫೋಟೋ ಹಾಕುವ ಮಂಗಳೂರಿನ ಗೆಳೆಯರಿಗೆ ಮೊದಲೇ ನಮಸ್ಕಾರ, ಹೋದ ಸಲದ್ದೇ ಸಾಕು.

ಇಷ್ಟೆಲ್ಲ ಟೈಪ್ ಮಾಡುವಾಗ ಪಕ್ಕದಲ್ಲಿ ಕೂತ ನಮ್ಮನೆಯವರು ಫ್ಲವರ್‌ಹಾರ್ನ್ ವಿಡಿಯೋ ನೋಡುತ್ತಿದ್ದಾರೆ. ತಲೆ ಮೇಲೆ ಗುಡ್ಡ ಇರುತ್ತಲ್ಲ, 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಬೇರೆ ಬೇರೆ ಸಿಕ್ಲಿಡ್ ಸೇರಿಸಿ ಮಾಡಿದ ತಳಿ. "ಇದೂ ಗುರುತು ಹಿಡಿಯುತ್ತಂತೆ ಕಣೇ, ಅದೃಷ್ಟಾನೂ ತರುತ್ತಂತೆ. ಗುಂಡನ ಟ್ಯಾಂಕಿಗೆ ಮಧ್ಯೆ ಒಂದು ಗಾಜು ಹಾಕಿದ್ರೆ ಆಗಲ್ವಾ?" ಆಗಲ್ಲ. ಅದಕ್ಕೂ ಅದರದ್ದೇ ದೊಡ್ಡ ಟ್ಯಾಂಕು ಬೇಕು, ಒಂಟಿಯಾಗೇ ಇರಬೇಕು. ಹಾಲ್‌ನಲ್ಲಿ ಇನ್ನು ಉಳಿದಿರುವ ಗೋಡೆ ಶೋಕೇಸಿನದು. ಅದರೊಳಗಿರೋದು ಅವರ ಕಾಲೇಜು ದಿನದ ಕ್ರಿಕೆಟ್ ಕಪ್ಪುಗಳು. ನಾನಂತೂ ಈ ಭಾನುವಾರವೇ ಖಾಲಿ ಮಾಡಿಕೊಡಲು ರೆಡಿ, ಅವರೇ ಇನ್ನೂ ಯೋಚನೆ ಮಾಡುತ್ತಿದ್ದಾರೆ.