ಒಂದ್ನಿಮಿಷ, ಬಂದೆ

ಇದನ್ನು ಕ್ರೊಯೇಷಿಯಾದ ಡುಬ್ರೋವ್ನಿಕ್ ಏರ್‌ಪೋರ್ಟಿನಲ್ಲಿ ಕೂತು ಫೋನಿನಲ್ಲಿ ಕುಟ್ಟುತ್ತಿದ್ದೇನೆ. ನಮ್ಮನೆಯವರು ಸೆಕ್ಯುರಿಟಿ ಹತ್ತಿರ ವಾಪಸ್ ಹೋಗಿದ್ದಾರೆ. ಬೆಲ್ಟನ್ನು ಟ್ರೇನಲ್ಲೇ ಬಿಟ್ಟು ಬಂದಿದ್ದಾರೆ. "ಒಂದ್ನಿಮಿಷ, ಬಂದೆ" ಅಂದರು. ಹತ್ತು ನಿಮಿಷ ಆಯಿತು.

ಈ "ಒಂದ್ನಿಮಿಷ, ಬಂದೆ" ನಿಮ್ಮ ಮನೆಯಲ್ಲೂ ಇರಬೇಕು, ಅಲ್ವಾ? ಮನೆಗೆ ಬೀಗ ಹಾಕಿ ಆಗಿದೆ. ಸ್ಕೂಟರ್ ಸ್ಟಾರ್ಟ್ ಆಗಿದೆ. ನಾನು ಸೆರಗು ಸಿಕ್ಕಿಸಿಕೊಂಡು ಹಿಂದೆ ಹತ್ತಿ ಕೂತಾಗಿದೆ. ಆಗ ಇವರಿಗೆ ಕನ್ನಡಕ ನೆನಪಾಗುತ್ತದೆ. ನಾನು ಇಳಿಯಬೇಕು, ಇವರು ಬೀಗ ತೆಗೆಯಬೇಕು. ಕನ್ನಡಕ ಫ್ರಿಜ್ ಮೇಲೆ ಸಿಗುತ್ತದೆ. ಅದನ್ನು ತರುವ ಸಂಭ್ರಮದಲ್ಲಿ ಬೀಗದ ಕೈ ಫ್ರಿಜ್ ಮೇಲೆ ಉಳಿಯುತ್ತದೆ.

ಮೈಸೂರಿನಲ್ಲಿ ಇದೆಲ್ಲ ಹೇಗೋ ನಡೆದುಹೋಗುತ್ತೆ. ಕೊಡೆ ಬ್ಯಾಂಕಿನಲ್ಲಿ ಬಿಟ್ಟರೆ ಅಲ್ಲಿನ ವಾಚ್‌ಮನ್ ಎತ್ತಿಟ್ಟಿರುತ್ತಾನೆ. ಹೆಲ್ಮೆಟ್ ತರಕಾರಿ ಅಂಗಡಿಯಲ್ಲಿ ಬಿಟ್ಟರೆ ಆತ ಅದರಲ್ಲಿ ನಿಂಬೆಹಣ್ಣು ತುಂಬಿಟ್ಟುಕೊಂಡು ಕಾಯುತ್ತಾನೆ. "ಯಜಮಾನ್ರು ಬಂದೇ ಬರ್ತಾರೆ ಬಿಡಿ ಅಮ್ಮ" ಅಂತ ನನಗೇ ಸಮಾಧಾನ ಹೇಳುತ್ತಾನೆ. ಊರಿಗೆ ಊರೇ ಸೇರಿ ಈ ಮನುಷ್ಯನ ಸಾಮಾನು ಕಾಯುತ್ತಿದೆ. ಇವರು ಮುಂದೆ ಹೋಗುವುದಕ್ಕಿಂತ ಹಿಂದೆ ಹೋಗುವುದೇ ಜಾಸ್ತಿ.

ಇಂಥವರನ್ನು ಮಗಳು ಎಲ್ಲಿಗೆ ಕಳಿಸಿದಳು ಅಂತೀರಿ? ಹಿಂದಕ್ಕೆ ಒಂದು ಹೆಜ್ಜೆ ಇಡಲೂ ಬಿಡದ ಗೋಡೆಯ ಮೇಲಕ್ಕೆ.

ಮಗಳು ಇರುವುದು ಮ್ಯೂನಿಕ್‌ನಲ್ಲಿ. ಅವಳಿಗೆ ರಜೆ ಇಲ್ಲ. "ನೀವಿಬ್ಬರೇ ಮೂರು ದಿನ ಸಮುದ್ರ ನೋಡಿ ಬನ್ನಿ" ಅಂತ ಕ್ರೊಯೇಷಿಯಾಕ್ಕೆ ಟಿಕೆಟ್ ಮಾಡಿ, ವಾಟ್ಸಾಪ್‌ನಲ್ಲಿ ಪಟ್ಟಿ ಕಳಿಸಿದಳು. ಮೊದಲ ಸಾಲು: "ಬೆಳಿಗ್ಗೆ 8ಕ್ಕೆ ಕೋಟೆ ಗೋಡೆ, ಬಿಸಿಲಿಗೆ ಮುಂಚೆ." ನಾವು ಗೋಡೆ ಹತ್ತಿದಾಗ ಹನ್ನೊಂದು. ಹೋಟೆಲ್ ರೂಮಿನ ಕಾರ್ಡನ್ನು ಇವರು ರೂಮಿನ ಒಳಗೇ ಎರಡು ಸಲ ಬಿಟ್ಟು ಬಾಗಿಲೆಳೆದುಕೊಂಡಿದ್ದರು.

ಊರೇನೋ ಚೆಂದ. ಪಿಲೆ ಅನ್ನುವ ಕೋಟೆ ಬಾಗಿಲು ದಾಟಿ ಒಳಗೆ ಕಾಲಿಟ್ಟರೆ ಸ್ತ್ರಾದೂನ್ ಅನ್ನುವ ದೊಡ್ಡ ಬೀದಿ. ಅಷ್ಟುದ್ದಕ್ಕೂ ಹಾಸಿದ ಸುಣ್ಣದ ಕಲ್ಲು ಜನ ಓಡಾಡಿ ಓಡಾಡಿ ಎಷ್ಟು ನುಣುಪಾಗಿದೆಯೆಂದರೆ, ನಮ್ಮ ಹಳೇ ಬಚ್ಚಲುಮನೆಯ ಕಲ್ಲು ನೆನಪಾಗಿ ನಾನು ಗೋಡೆ ಹಿಡಿದುಕೊಂಡೇ ನಡೆದೆ. ಶುರುವಿನಲ್ಲೇ ಓನೋಫ್ರಿಯೋ ಅನ್ನುವ ಇಟಲಿಯ ಇಂಜಿನಿಯರ್ 1438ರಲ್ಲಿ ಕಟ್ಟಿದ ಕಾರಂಜಿ. ಸುಮಾರು 12 ಕಿಲೋಮೀಟರ್ ದೂರದಿಂದ ನೀರು ತಂದಿದ್ದನಂತೆ. ಸುತ್ತ ಹದಿನಾರು ಕಲ್ಲಿನ ಮುಖಗಳು, ಬಾಯಿಂದ ತಣ್ಣನೆ ಕುಡಿಯುವ ನೀರು. ಪುಕ್ಕಟೆ. ಇವರು ಖುಷಿಯಾಗಿ ಬಾಟಲಿ ತುಂಬಿಸಿಕೊಂಡರು. ಮುಚ್ಚಳ ಹದಿನಾರರಲ್ಲಿ ಯಾವುದೋ ಒಂದು ಮುಖದ ಕೆಳಗಿದೆ.

ಗೋಡೆ ಹತ್ತಲು ತಲೆಗೊಂದು ಟಿಕೆಟ್. ತಮಾಷೆ ಏನೆಂದರೆ, ಗೋಡೆಯೂ ಮ್ಯೂಸಿಯಂಗಳೂ ಬಸ್ಸೂ ಸೇರಿದ ಒಂದು ದಿನದ ಪಾಸ್‌ಗೂ ಅಷ್ಟೇ ದುಡ್ಡು. ಮಗಳು ಪಾಸ್ ಕೊಡಿಸಿದ್ದಳು. ಮ್ಯೂಸಿಯಂ ನೋಡುವ ಯೋಗ ಮಾತ್ರ ನಮಗೆ ಬರಲಿಲ್ಲ, ಯಾಕೆ ಅಂತ ಹೇಳುತ್ತೇನೆ.

ಗೋಡೆಯ ಸುತ್ತಳತೆ 1940 ಮೀಟರ್. ಕೆಲವು ಕಡೆ 25 ಮೀಟರ್ ಎತ್ತರ. ಮೇಲೆ ನಡೆಯುವ ದಾರಿ ಅಲ್ಲಲ್ಲಿ ಇಬ್ಬರು ಒಟ್ಟಿಗೆ ಹೋಗಲಾರದಷ್ಟು ಕಿರಿದು. ಹಡಗುಗಳಿಂದ ಇಳಿಯುವ ಜನವೋ ಜಾತ್ರೆ. ಅದಕ್ಕೇ ಎಲ್ಲರೂ ಒಂದೇ ದಿಕ್ಕಿಗೆ ನಡೆಯಬೇಕು, ಅದೂ ಅಪ್ರದಕ್ಷಿಣೆಯಾಗಿ. ನಾನು ಅಲ್ಲೇ ಗೊಣಗಿದೆ: ಉದ್ಧಾರವಾಗುವ ಲಕ್ಷಣ ಅಲ್ಲ ಇದು.

ಮೊದಲ ತಿರುವಿನಲ್ಲೇ ಆ ಕಡೆ ಬಂಡೆಯ ಮೇಲೆ ಇನ್ನೊಂದು ಕೋಟೆ ಕಾಣುತ್ತದೆ, ಲೋವ್ರಿಯೆನಾತ್ಸ್ ಅಂತ. ಅದರ ಬಾಗಿಲ ಮೇಲೆ ಲ್ಯಾಟಿನ್‌ನಲ್ಲಿ ಕೆತ್ತಿದ್ದಾರೆ: ಜಗತ್ತಿನ ಅಷ್ಟೂ ಚಿನ್ನ ಕೊಟ್ಟರೂ ಸ್ವಾತಂತ್ರ್ಯ ಮಾರಾಟಕ್ಕಿಲ್ಲ. ನಾನು ಪಟ್ಟಿಯಲ್ಲಿ ಓದಿ ಹೇಳಿದೆ. "ಅದು ಮಾರಲ್ಲ ಸರಿ, ಗೋಡೆಗೆ ಮಾತ್ರ ಟಿಕೆಟ್ ಇಟ್ಟಿದ್ದಾರೆ" ಅಂದರು ಇವರು. ಇಂಥ ಮಾತು ಮಾತ್ರ ಎಲ್ಲೂ ಬಿಟ್ಟು ಬರುವುದಿಲ್ಲ.

ಸಮುದ್ರದ ಕಡೆಯ ಗೋಡೆಗೆ ಬರುವ ಹೊತ್ತಿಗೆ ನೆತ್ತಿ ಕಾದ ಕಾವಲಿ. ನೆರಳೆಂಬುದಿಲ್ಲ. ಒಂದು ಕಟ್ಟೆಯ ಮೇಲೆ ಕೂತು ಡಬ್ಬಿ ತೆಗೆದೆ. ಮಗಳ ಅಡುಗೆಮನೆಯಲ್ಲಿ ಕರಿದು ತಂದ ಕೋಡುಬಳೆ. ಎರಡೆರಡು ತಿಂದೆವು. "ಡಬ್ಬಿ ಬ್ಯಾಗಿಗೆ ಹಾಕ್ಕೊಳ್ಳಿ" ಅಂತ ಹೇಳಿ ನಾನು ಎದ್ದೆ. ತಪ್ಪು ನನ್ನದೇ. ಮೂವತ್ತೈದು ವರ್ಷ ಸಂಸಾರ ಮಾಡಿದವಳು ಹೇಳುವ ಮಾತೇ ಅದು?

ಮುಂದೆ ಟಿಕೆಟ್ ನೋಡುವ ಹುಡುಗನನ್ನು ದಾಟಿ ಇಪ್ಪತ್ತು ಹೆಜ್ಜೆ ಹೋಗಿರಬೇಕು. "ಅಯ್ಯೋ, ಡಬ್ಬಿ! ಒಂದ್ನಿಮಿಷ, ಬಂದೆ" ಅಂತ ಇವರು ತಿರುಗಿದರು.

ಎದುರಿಗೆ ಕೆಂಪು ಕೊಡೆ ಎತ್ತಿ ಹಿಡಿದ ಗೈಡ್, ಅವಳ ಹಿಂದೆ ನಲವತ್ತು ಜನ. ದಸರಾ ಮೆರವಣಿಗೆಗೆ ಎದುರಾಗಿ ಸೈಕಲ್ ತಳ್ಳಿದ ಹಾಗಾಯಿತು. ಟಿಕೆಟ್ ಹುಡುಗ ಕೈ ಅಡ್ಡ ಹಿಡಿದ. "ಸರ್, ಒನ್ ವೇ." ಪಾಪ, ತುಂಬ ಮರ್ಯಾದೆಯಿಂದಲೇ ಹೇಳಿದ. ಪೂರ್ತಿ ಸುತ್ತು ಹಾಕಿ ಬನ್ನಿ ಎನ್ನೋಣವೆಂದರೆ ಪಾಸ್‌ನಲ್ಲಿ ಗೋಡೆ ಒಂದೇ ಸಲ.

ಇವರು ತಮ್ಮ ಬ್ಯಾಂಕ್ ಇಂಗ್ಲಿಷ್ ತೆಗೆದರು. ನನ್ನ ಬಾಕ್ಸ್ ಹಿಂದೆ ಉಳಿದಿದೆ. ಸ್ಟೀಲ್ ಬಾಕ್ಸ್.

"ಬಾಕ್ಸ್‌ನಲ್ಲಿ ಏನಿದೆ ಸರ್?"

ಕೋಡುಬಳೆಗೆ ಇಂಗ್ಲಿಷಿನಲ್ಲಿ ಏನಂತಾರೆ? ಇವರು ಒಂದು ಕ್ಷಣ ಆಕಾಶ ನೋಡಿದರು. ಆಮೇಲೆ ಹೆಬ್ಬೆರಳು ತೋರುಬೆರಳು ಸೇರಿಸಿ ದುಂಡಗೆ ತೋರಿಸಿ, "ರಿಂಗ್ಸ್" ಅಂದರು.

ಹುಡುಗನ ಮುಖ ಬದಲಾಯಿತು. "ರಿಂಗ್ಸ್? ಎಷ್ಟು?"

"ಹದಿನೆಂಟು ಇರಬೇಕು."

"ಹದಿನೆಂಟು!" ಅವನ ಕೈ ಸೊಂಟದ ವಾಕಿಟಾಕಿಗೆ ಹೋಯಿತು. "ಚಿನ್ನದ್ದಾ ಸರ್?"

"ನೋ ನೋ. ಅಕ್ಕಿದು."

ಅವನಿಗೆ ಅರ್ಥವಾಗಲಿಲ್ಲ. ಆಗಬೇಕಾದರೂ ಹೇಗೆ? ನನ್ನ ಕಡೆ ನೋಡಿದ. ನಾನು ಬಾಯಿ ಬಿಡುವಷ್ಟರಲ್ಲಿ ಇವರು ಇನ್ನೂ ಸ್ಪಷ್ಟ ಮಾಡಲು ಹೋಗಿ, "ಮೈ ವೈಫ್ ಮೇಡ್ ದೆಮ್, ಇನ್ ಆಯಿಲ್" ಅಂದುಬಿಟ್ಟರು. ಹುಡುಗ ವಾಕಿಟಾಕಿಯಲ್ಲಿ ಅವನ ಭಾಷೆಯಲ್ಲಿ ಏನೋ ಹೇಳಿದ. ಆ ಕಡೆಯಿಂದ ಗೊರಗೊರ ಪ್ರಶ್ನೆ. ಇವನು ಮತ್ತೆ ಹೇಳಿದ. ನನಗೆ ತಿಳಿದದ್ದು "ಇಂಡಿಯಾ" ಅನ್ನುವ ಒಂದೇ ಪದ. ಕ್ಯೂನಲ್ಲಿದ್ದವರೆಲ್ಲ ನನ್ನನ್ನು ಹದಿನೆಂಟು ಉಂಗುರ ಕಳಕೊಂಡ ಹೆಂಗಸೆಂದು ಕರುಣೆಯಿಂದ ನೋಡಿದರು. ಒಬ್ಬಾಕೆ ನನ್ನ ಭುಜ ತಟ್ಟಿದಳು.

ನನಗೆ ನಾಚಿಕೆಗಿಂತ ಸಿಟ್ಟು. ಸಿಟ್ಟಿಗಿಂತ ಹೊಟ್ಟೆಯಲ್ಲಿ ಸಂಕಟ, ಯಾಕೆಂದರೆ ಅದು ಅಮ್ಮನ ಡಬ್ಬಿ. ನನ್ನ ಮದುವೆಗೆ ಕೊಟ್ಟಿದ್ದು. ಮುಚ್ಚಳದ ಮೇಲೆ ಪಾತ್ರೆ ಅಂಗಡಿಯವನು ಟರ್ರ್ ಅಂತ ಮಿಷನ್ ಇಟ್ಟು ಚುಕ್ಕಿ ಚುಕ್ಕಿಯಾಗಿ ಕೊರೆದ ಅಮ್ಮನ ಹೆಸರು. ಇನಿಷಿಯಲ್ ಒಂದನ್ನು ತಪ್ಪಾಗಿ ಹಾಕಿದ್ದಾನೆ. ಅಮ್ಮ ಅವನ ಜೊತೆ ಜಗಳ ಮಾಡಿ ಐದು ರೂಪಾಯಿ ಕಡಿಮೆ ಮಾಡಿಸಿಕೊಂಡಿದ್ದಳು. ಈಗ ಅವಳ ಹೆಸರು ಬರೆದಿರುವ ಜಾಗ ಅಂತ ಉಳಿದಿರುವುದು ಪಾತ್ರೆಗಳ ಮೇಲೆ ಮಾತ್ರ.

ಕೊನೆಗೆ ಹುಡುಗ ಹೇಳಿದ: "ಇಲ್ಲೇ ನಿಲ್ಲಿ. ಎಲ್ಲರೂ ಈ ಕಡೆಗೇ ಬರಬೇಕು. ಬಾಕ್ಸೂ ಬರುತ್ತೆ."

ಹೌದಲ್ವಾ! ಹಿಂದಕ್ಕೆ ಹೋಗುವ ದಾರಿ ಇಲ್ಲದ ಮೇಲೆ ಬಿಟ್ಟದ್ದು ತಾನಾಗೇ ಮುಂದಕ್ಕೆ ಬರಲೇಬೇಕು.

ನಿಂತೆವು. ಒಂದು ಗಂಟೆ. ಕೆಳಗೆ ಊರಿನ ಹೆಂಚಿನ ಮಾಡುಗಳು, ನಮ್ಮ ಮಂಗಳೂರು ಹೆಂಚಿನದೇ ಬಣ್ಣ. ಆದರೆ ಬಹಳಷ್ಟು ಮಾಡು ಹೊಸದಾಗಿ ಕೆಂಪಗೆ ಹೊಳೆಯುತ್ತವೆ, ಕೆಲವು ಮಾತ್ರ ಹಳೆಯದಾಗಿ ಮಾಸಿವೆ. ಯುಗೊಸ್ಲಾವಿಯಾ ಒಡೆದಾಗಿನ 1991-92ರ ಯುದ್ಧದಲ್ಲಿ ಈ ಹಳೇ ಊರಿನ 824 ಕಟ್ಟಡಗಳಲ್ಲಿ ನೂರಕ್ಕೆ 68ರಷ್ಟಕ್ಕೆ ಶೆಲ್ ಬಿದ್ದಿತ್ತು. ಹೊಳೆಯುವ ಹೆಂಚೆಲ್ಲ ಆಮೇಲೆ ಹೊದಿಸಿದ್ದು. ಅದರ ನಡುವೆ ಯಾರೋ ಬನಿಯನ್ನು ಒಣಗಲು ಹಾಕಿದ್ದರು. ನಾನು ಸುಮ್ನೆ ನೋಡುತ್ತ ನಿಂತೆ.

ಇವರು ಸುಮ್ಮನಿರದೆ ಪಟ್ಟಿ ಓದಲು ಶುರುಮಾಡಿದರು. ಇಲ್ಲಿ ಹಿಂದೆ ರಾಜ ಇರಲಿಲ್ಲ, ರಿಪಬ್ಲಿಕ್ ಇತ್ತು. ಅದರ ಮುಖ್ಯಸ್ಥ ರೆಕ್ಟರ್, ಅವಧಿ ಒಂದೇ ತಿಂಗಳು. ಆ ತಿಂಗಳಲ್ಲಿ ಸರ್ಕಾರಿ ಕೆಲಸಕ್ಕೆ ಬಿಟ್ಟರೆ ಅರಮನೆಯಿಂದ ಆಚೆ ಬರುವಂತಿರಲಿಲ್ಲ. ನಾನು ಹೇಳಿದೆ, ನಿಮಗೆ ಹೇಳಿ ಮಾಡಿಸಿದ ಕೆಲಸ ಅದು. ಹೊರಗೇ ಹೋಗದಿದ್ದರೆ ಮರೆತು ಬರುವುದು ಎಲ್ಲಿ?

ಅಷ್ಟರಲ್ಲಿ ಒಬ್ಬ ಅಜ್ಜಿ ಬಂದಳು. ಬಿಳಿ ಟೋಪಿ, ಕೈಯಲ್ಲಿ ಕೋಲು, ಕಂಕುಳಲ್ಲಿ ನನ್ನ ಡಬ್ಬಿ. ಹುಡುಗ ಓಡಿ ಹೋಗಿ ಇಸಕೊಂಡು, ಎಲ್ಲರ ಮುಂದೆ ತೆರೆದ. ಒಳಗೆ ಖಾರದ ಬಣ್ಣದ ಕೋಡುಬಳೆ. ಅವನು ಒಂದನ್ನು ಎತ್ತಿ, ಬಿಸಿಲಿಗೆ ಹಿಡಿದು, ಅದರ ತೂತಿನೊಳಗಿಂದ ನಮ್ಮನೆಯವರನ್ನು ನೋಡಿದ. ವಾಕಿಟಾಕಿ ಗೊರಗೊರ ಅನ್ನುತ್ತಲೇ ಇತ್ತು. ಅವನು ಉತ್ತರ ಕೊಡಲಿಲ್ಲ. ಬಾಯಿಗೆ ಹಾಕಿಕೊಂಡ. ಕಣ್ಣಲ್ಲಿ ನೀರು ಬಂತು. ಆದರೂ ಎರಡನೆಯದು ತಗೊಂಡ.

ಎಣಿಸಿದೆ. ಆ ಎರಡು ಕಳೆದರೂ ಹದಿನಾರಿರಬೇಕಿತ್ತು, ಹನ್ನೊಂದಿತ್ತು. ಐದರ ಲೆಕ್ಕವನ್ನು ಅಜ್ಜಿಯನ್ನು ಕೇಳಲು ಮನಸ್ಸಾಗಲಿಲ್ಲ. ಅವಳ ತುಟಿಯ ಪಕ್ಕ ಒಂದು ಎಳ್ಳು ಇತ್ತು.

ಉಳಿದ ಸುತ್ತು ಮುಗಿಸಿ, ಮಿನ್ಚೆತಾ ಗೋಪುರದ ಮೆಟ್ಟಿಲು ಹತ್ತಿ ಇಳಿಯುವಾಗ ನನ್ನ ಮಂಡಿ ಎರಡೂ ಸಾಕು ಅಂದವು. ಮ್ಯೂಸಿಯಂ ಅಲ್ಲಿಗೇ ಬಿಟ್ಟೆವು. ರಾತ್ರಿ ಬ್ಲಿಟ್ವಾ ಅಂತ ಸೊಪ್ಪು ಆಲೂಗಡ್ಡೆ ಬೇಯಿಸಿ ಬೆಳ್ಳುಳ್ಳಿ ಹಾಕಿದ ಪಲ್ಯ ತಿಂದು ಮಲಗಿದೆವು. ಆವತ್ತಿನಿಂದ ಡಬ್ಬಿ ನನ್ನ ಹ್ಯಾಂಡ್‌ಬ್ಯಾಗಿನಲ್ಲೇ ಇದೆ. ಈಗಲೂ ತೊಡೆಯ ಮೇಲೆ.

ಬೋರ್ಡಿಂಗ್ ಶುರುವಾಯಿತು. ಇಗೋ, ಇವರೂ ಬಂದರು. ಒಂದು ಕೈಯಲ್ಲಿ ಪ್ಯಾಂಟು ಹಿಡಿದಿದ್ದಾರೆ, ಇನ್ನೊಂದರಲ್ಲಿ ಬೆಲ್ಟು. ಮುಖದಲ್ಲಿ ಗೆದ್ದ ಕಳೆ. ಹೋಗುವಾಗ ಕೈಯಲ್ಲಿದ್ದ ಪಾಸ್‌ಪೋರ್ಟ್ ಎಲ್ಲಿ ಅಂತ ನಾನಿನ್ನೂ ಕೇಳಿಲ್ಲ.