ಪೇಪರ್‌ನಲ್ಲಿ ಹಾಕಿದ್ದೆವಲ್ಲ ಅಂದರೆ ಸಾಕಾ?

"ಪ್ರಕಟಣೆ ಕೊಟ್ಟಿದ್ದೆವಲ್ಲ, ಆಗ ಯಾಕೆ ಬರಲಿಲ್ಲ?"

ಸರ್ಕಾರಿ ಕಚೇರಿಗೆ ಅಲೆದವರೆಲ್ಲ ಈ ಮಾತು ಒಂದಲ್ಲ ಒಂದು ಸಲ ಕೇಳಿರುತ್ತಾರೆ. ಜಮೀನಿನ ವಿಷಯ ಇರಲಿ, ತೀರಿಹೋದವರ ದುಡ್ಡಿನ ವಿಷಯ ಇರಲಿ, ಕಡಲ ದಂಡೆಯ ಮನೆ ವಿಷಯ ಇರಲಿ, ಈ ಪ್ರಶ್ನೆ ಬಂದ ಕೂಡಲೇ ನಮ್ಮ ಜನ ತಲೆ ತಗ್ಗಿಸುತ್ತಾರೆ. ನಮ್ಮದೇ ತಪ್ಪು ಅಂದುಕೊಂಡು ವಾಪಸ್ ಬರುತ್ತಾರೆ. ಇದನ್ನು ನೋಡಿ ನೋಡಿ ನನಗೆ ಸಿಟ್ಟು ಬಂದಿದೆ. ಒಂದು ಪ್ರಕಟಣೆಗೆ ಗಡುವು ಇದೆ, ಗಡುವು ದಾಟಿದರೆ ಜನರ ಹಕ್ಕು ಹೋಗುತ್ತದೆ ಅಂತಾದರೆ, ಅದು ಆ ಜನರ ಕಿವಿಗೆ ಬಿತ್ತು ಅಂತ ತೋರಿಸುವ ಹೊಣೆ ಪ್ರಕಟಿಸಿದವರದು. ಅಚ್ಚಾದ ಪೇಪರ್ ತುಂಡನ್ನು ಫೈಲಿಗೆ ಸೇರಿಸಿದರೆ ಆ ಹೊಣೆ ಮುಗಿಯುವುದಿಲ್ಲ.

ನಾನು ಕೊರಟಗೆರೆ ತಾಲ್ಲೂಕಿನವಳು, ಪ್ರೈಮರಿ ಶಾಲೆ ಶಿಕ್ಷಕಿ. ಕೆಲಸ ಸಿಕ್ಕ ಮೇಲೆ ಕೆಲವು ವರ್ಷ ಹೊನ್ನಾವರ ಕಡೆ ಮೀನುಗಾರರ ಊರೊಂದರಲ್ಲಿ ಇದ್ದೆ. ತುಮಕೂರು, ಕೋಲಾರ ಕಡೆಯ ಎಷ್ಟೋ ಶಿಕ್ಷಕರು ಹೀಗೆ ಘಟ್ಟ ಇಳಿದು ಕೆಲಸ ಮಾಡಿ ಬಂದವರೇ. ಅಲ್ಲಿ ಮೇಡಂ ಅಂತ ಯಾರೂ ಕರೆಯುತ್ತಿರಲಿಲ್ಲ. "ಅಕ್ಕೋರೆ" ಅನ್ನುತ್ತಿದ್ದರು. ಯಾವುದೇ ಸರ್ಕಾರಿ ಕಾಗದ ಬಂದರೂ ಅಕ್ಕೋರ ಹತ್ತಿರ ಬರುತ್ತಿತ್ತು.

ಹಾಗೆ ಬಂದ ಕಾಗದಗಳಲ್ಲಿ ಕಡಲತೀರ ನಿರ್ವಹಣೆಯದೂ ಇತ್ತು. ದಂಡೆಯಲ್ಲಿ ಏನು ಕಟ್ಟಬಹುದು, ಏನು ಕಟ್ಟಬಾರದು ಅನ್ನುವ ಕರಾವಳಿ ನಿಯಂತ್ರಣ ವಲಯದ ನಿಯಮ 1991ರಿಂದ ಇದೆ. 2011ರಲ್ಲಿ ಹೊಸದು ಬಂತು. 2019ರ ಜನವರಿ 18ರಂದು ಅದೂ ಬದಲಾಯಿತು. ನಿಯಮ ಕೇಂದ್ರದ್ದು, ಆದರೆ ಅದರ ಪ್ರಕಾರ ನಕ್ಷೆ ಮಾಡಿಸಿ, ಜನರ ಮುಂದಿಟ್ಟು, ಆಕ್ಷೇಪಣೆ ಕೇಳಬೇಕಾದ್ದು ರಾಜ್ಯ. ಸಮುದ್ರದ ಉಬ್ಬರ ಎಲ್ಲಿಯ ತನಕ ಬರುತ್ತದೋ ಅಲ್ಲಿ ಒಂದು ಗೆರೆ. ಆ ಗೆರೆಯಿಂದ 200 ಮೀಟರ್ ಒಳಗೆ ಹಳ್ಳಿ ಕಡೆ ಹೊಸ ಕಟ್ಟಡ ಕಷ್ಟ. 2019ರ ನಿಯಮದಲ್ಲಿ ಜನ ತುಂಬಾ ದಟ್ಟವಾಗಿರುವ ಊರಿಗೆ, ಅಂದರೆ 2011ರ ಜನಗಣತಿ ಪ್ರಕಾರ ಚದರ ಕಿಲೋಮೀಟರಿಗೆ 2161ಕ್ಕಿಂತ ಜಾಸ್ತಿ ಜನ ಇದ್ದರೆ, ಆ 200 ಮೀಟರ್ 50ಕ್ಕೆ ಇಳಿಯುತ್ತದೆ. ಉಪ್ಪುನೀರು ಏರುವ ಹೊಳೆ ದಂಡೆಗೂ ಇಂಥದ್ದೇ ಲೆಕ್ಕ ಇದೆ.

ಈಗ ಯೋಚನೆ ಮಾಡಿ. ನಿಮ್ಮ ಮನೆ ಆ ಗೆರೆಯಿಂದ ಎಷ್ಟು ದೂರದ ಪಟ್ಟಿಯಲ್ಲಿ ಬಿತ್ತು ಅನ್ನುವುದರ ಮೇಲೆ ಮಗನಿಗೆ ಪಕ್ಕದಲ್ಲಿ ಇನ್ನೊಂದು ಮನೆ ಕಟ್ಟಿಕೊಡಬಹುದೋ ಇಲ್ಲವೋ ತೀರ್ಮಾನವಾಗುತ್ತದೆ. ಇಷ್ಟು ದೊಡ್ಡ ವಿಷಯದ ನಕ್ಷೆ ಹೇಗಿತ್ತು ಗೊತ್ತಾ? 1:25,000 ಅಳತೆಯದು. ನಕ್ಷೆಯ ಮೇಲಿನ ಒಂದು ಸೆಂಟಿಮೀಟರ್ ನೆಲದ ಮೇಲೆ 250 ಮೀಟರ್. ಅಂದರೆ 50 ಮೀಟರ್ ಪಟ್ಟಿ ಕಾಗದದ ಮೇಲೆ ಬರೀ ಎರಡು ಮಿಲಿಮೀಟರ್. ಒಂದು ಇಡೀ ಕೇರಿ ಆ ಎರಡು ಮಿಲಿಮೀಟರ್ ಒಳಗೆ. ಬಣ್ಣದ ಗೆರೆಗಳ ಪಕ್ಕದ ವಿವರ ಎಲ್ಲ ಇಂಗ್ಲಿಷ್‌ನಲ್ಲಿ. "ಅಕ್ಕೋರೆ, ಇದ್ರಲ್ಲಿ ನಮ್ಮನೆ ಎಲ್ಲಿ ಬರ್ತದೆ ನೋಡಿ" ಅಂತ ಒಬ್ಬ ಅಜ್ಜ ಕೇಳಿದ್ದರು. ಪದವಿ ಓದಿದ ನನಗೂ ಹೇಳಲು ಆಗಲಿಲ್ಲ. ಸರ್ವೆ ನಂಬರ್ ಸಮೇತ ತೋರಿಸುವ, 1:4,000 ಹತ್ತಿರದ ದೊಡ್ಡ ಅಳತೆಯ ಸ್ಥಳೀಯ ನಕ್ಷೆಗೂ ನಿಯಮದಲ್ಲೇ ಜಾಗ ಇದೆ. ಊರಿನವರ ಮುಂದೆ ಹರಡಬೇಕಾದ್ದು ಅದನ್ನು, ಅಲ್ವಾ?

ಇನ್ನೂ ಒಂದು ವಿಷಯ. ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ. ಆ 61 ದಿನ ಬೋಟಿಗೆ ಹೋಗುವ ಗಂಡಸರು ಮನೆಯಲ್ಲಿ ಇರುತ್ತಾರೆ. ಅಹವಾಲು ಸಭೆಗೆ ಅದಕ್ಕಿಂತ ಒಳ್ಳೆ ಕಾಲ ಇಲ್ಲ. ಸಭೆಯ ದಿನ ಗೊತ್ತು ಮಾಡುವವರು ಮೀನು ಹಿಡಿಯುವವರ ಕ್ಯಾಲೆಂಡರ್ ನೋಡಬೇಕು.

ತುಮಕೂರಿನವಳಿಗೆ ಕಡಲಿನ ಉಸಾಬರಿ ಯಾಕೆ ಅಂತ ಕೆಲವರು ಕೇಳಬಹುದು. ಸಂಬಂಧ ಇದೆ ಸ್ವಾಮಿ, ನೇರವಾಗಿಯೇ ಇದೆ. ಎತ್ತಿನಹೊಳೆ ಯೋಜನೆಯಲ್ಲಿ ಪೂರ್ವಕ್ಕೆ ತಿರುಗಿಸಿ ನಮಗೆ ತರಬೇಕಾದ ನೀರು ಪಶ್ಚಿಮಕ್ಕೆ ಹರಿದು, ನೇತ್ರಾವತಿ ಸೇರಿ, ಮಂಗಳೂರಿನ ಹತ್ತಿರ ಸಮುದ್ರಕ್ಕೆ ಹೋಗುವ ನೀರು. 24.01 ಟಿಎಂಸಿ ಯೋಜನೆ. 12,912 ಕೋಟಿ ರೂಪಾಯಿ ಅಂತ ಶುರುವಾದ ಅಂದಾಜು 23,251 ಕೋಟಿಗೆ ಏರಿತು. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ಇದನ್ನು ಕುಡಿಯುವ ನೀರಿನ ಯೋಜನೆ ಅಂತ ಪರಿಗಣಿಸಿದ್ದರಿಂದ ಪರಿಸರ ಅನುಮತಿ ಬೇಕಾಗಲಿಲ್ಲ. ಹಾಗಾಗಿ ಆ ಅನುಮತಿಗೆ ಮೊದಲು ನಡೆಯುವ ಸಾರ್ವಜನಿಕ ಅಹವಾಲೂ ನಡೆಯಲಿಲ್ಲ. ನನಗೆ ಈ ನೀರು ಬೇಕು. ಪಾವಗಡ, ಮಧುಗಿರಿ, ಕೊರಟಗೆರೆ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲು ಕಂದಾದ ಮಕ್ಕಳಿಗೆ ಪಾಠ ಮಾಡಿದ್ದೇನೆ. ಆದರೂ ಹೇಳುತ್ತೇನೆ, ಕೆಳಗಿನವರನ್ನು ಕೂರಿಸಿಕೊಂಡು ಕೇಳಬೇಕಿತ್ತು. ಕೇಳಿದ್ದರೆ ಘಟ್ಟದ ಮೇಲಿನವರು, ಕೆಳಗಿನವರು ಅಂತ ಇಷ್ಟು ಮನಸ್ತಾಪ ಬೆಳೆಯುತ್ತಿರಲಿಲ್ಲ.

ಇನ್ನು ನಮ್ಮ ಕಡೆಗೆ ಬರುತ್ತೇನೆ. ಇದೇ ಎತ್ತಿನಹೊಳೆ ನೀರು ನಿಲ್ಲಿಸಲು ಬೈರಗೊಂಡ್ಲು ಜಲಾಶಯ ಅಂತ ಆಯಿತು. ನಮ್ಮ ತಾಲ್ಲೂಕು, ದೊಡ್ಡಬಳ್ಳಾಪುರ ತಾಲ್ಲೂಕು, ಎರಡೂ ಕಡೆ ಮುಳುಗಡೆ. ಒಂದೇ ಜಲಾಶಯಕ್ಕೆ ಭೂಮಿ ಕೊಡುವವರಿಗೆ ತಾಲ್ಲೂಕಿನ ಗಡಿ ದಾಟಿದರೆ ಬೇರೆ ದರ ಅನ್ನುವುದು ದೊಡ್ಡ ಜಗಳವಾಗಿದ್ದು ಎಲ್ಲರಿಗೂ ಗೊತ್ತು. ಆದರೆ ದರದ ಗಲಾಟೆಯಲ್ಲಿ ಇನ್ನೊಂದು ಸಂಗತಿ ಮರೆಯಾಗಿದೆ. ಭೂಮಿ ಹೋಗುತ್ತದೆ ಅನ್ನುವ ನೋಟಿಸ್ ಯಾರ ಹೆಸರಿಗೆ ಬರುತ್ತದೆ?

ಪಹಣಿಯಲ್ಲಿ ಯಾರ ಹೆಸರಿದೆಯೋ ಅವರ ಹೆಸರಿಗೆ. ನಮ್ಮ ಕಡೆ ಪಹಣಿಯಲ್ಲಿ ಇನ್ನೂ ತಾತ, ಮುತ್ತಾತನ ಹೆಸರೇ ಇರುವ ಜಮೀನು ಎಷ್ಟೋ. ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಯಿಸುವ ಫೌತಿ ಖಾತೆ ಆಗಿರುವುದಿಲ್ಲ. ಅಣ್ಣತಮ್ಮಂದಿರ ಬಾಯಿಮಾತಿನ ಭಾಗ ಆಗಿರುತ್ತದೆ, ಅವರವರ ಪಾಲು ಅವರವರು ಉಳುತ್ತಿರುತ್ತಾರೆ. ರಾಜ್ಯದಲ್ಲಿ ಇಂಥ ಜಮೀನು ಲಕ್ಷಗಟ್ಟಲೆ ಇವೆ ಅಂತಲೇ ಕಂದಾಯ ಇಲಾಖೆ ಇ-ಪೌತಿ ಆಂದೋಲನ ಹಮ್ಮಿಕೊಂಡಿದ್ದು. ಒಳ್ಳೆ ಕೆಲಸ, ಮನಸಾರೆ ಒಪ್ಪುತ್ತೇನೆ. ಅದು ಮುಗಿಯುವ ತನಕ ಮಾತ್ರ ಸತ್ತವರ ಹೆಸರಿಗೆ ನೋಟಿಸ್ ಬರುತ್ತಲೇ ಇರುತ್ತದೆ.

ಎಲ್ಲರಿಗಿಂತ ಜಾಸ್ತಿ ಏಟು ಬೀಳುವುದು ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ. ಕರ್ನಾಟಕದಲ್ಲಿ 1994ರಿಂದಲೇ ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ಬಂತು, ಆದರೆ ಆಗಲೇ ಮದುವೆಯಾದವರನ್ನು ಹೊರಗಿಟ್ಟಿದ್ದರು. 2005ರ ಕೇಂದ್ರದ ತಿದ್ದುಪಡಿ ಆ ತಡೆ ತೆಗೆಯಿತು. 2020ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟ ಮಾಡಿತು, ತಂದೆ ಯಾವಾಗ ತೀರಿಕೊಂಡಿದ್ದರೂ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಅಂತ. ಕಾನೂನಿನಲ್ಲಿ ಇಷ್ಟೆಲ್ಲ ಆಗಿದೆ. ನೋಟಿಸ್ ಮಾತ್ರ ತವರೂರಿನ ಪಂಚಾಯಿತಿ ಗೋಡೆಗೆ ಅಂಟಿಸಿರುತ್ತಾರೆ. ಮಗಳು ಗೌರಿಬಿದನೂರಿನಲ್ಲೋ ಪೀಣ್ಯದಲ್ಲೋ ಇರುತ್ತಾಳೆ.

ನನಗೆ ಪರಿಚಯದ ಒಬ್ಬ ಹೆಂಗಸು, ಹೆಸರು ಬೇಡ, ತವರಿನ ಹೊಲ ರಸ್ತೆಗೆ ಹೋಯಿತು ಅಂತ ತಿಳಿದುಕೊಂಡಿದ್ದು ಹಬ್ಬಕ್ಕೆ ಹೋದಾಗ, ಜೆಸಿಬಿ ನೋಡಿ. "ಮೇಡಂ, ನಮ್ಮಪ್ಪ ಕಡಲೆಕಾಯಿ ಹಾಕ್ತಿದ್ದ ಹೊಲ ಅದು, ಒಂದು ಮಾತು ಹೇಳ್ಬಾರ್ದಾ?" ಅಂದರು. ಕಚೇರಿಗೆ ಜೊತೆಯಲ್ಲಿ ಹೋದೆ. ಅದೇ ಉತ್ತರ. ಪ್ರಕಟಣೆ ಕೊಟ್ಟಿದ್ದೆವಲ್ಲ.

2013ರ ಭೂಸ್ವಾಧೀನ ಕಾಯ್ದೆ ಈ ವಿಷಯದಲ್ಲಿ ಚೆನ್ನಾಗಿಯೇ ಇದೆ. ಮೊದಲ ಅಧಿಸೂಚನೆ ಗೆಜೆಟ್‌ನಲ್ಲಿ ಬರಬೇಕು, ಎರಡು ದಿನಪತ್ರಿಕೆಯಲ್ಲಿ ಬರಬೇಕು, ಅದರಲ್ಲಿ ಒಂದು ಆ ಕಡೆಯ ಭಾಷೆಯದ್ದಾಗಿರಬೇಕು. ಪಂಚಾಯಿತಿಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ನಮ್ಮ ಭಾಷೆಯಲ್ಲಿ ಹಾಕಬೇಕು. ಗ್ರಾಮಸಭೆಗೆ ಅದಕ್ಕೆಂದೇ ಕರೆದು ಹೇಳಬೇಕು. ಆಕ್ಷೇಪಣೆಗೆ 60 ದಿನ. ಇಷ್ಟನ್ನೂ ಮನಸ್ಸಿಟ್ಟು ಮಾಡಿದರೆ ಊರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ ಅನ್ನುವ ಮಾತೇ ಬರುವುದಿಲ್ಲ. ಫೈಲಿಗೆ ಬೇಕು ಅಂತ ಮಾಡಿದಾಗ ಗ್ರಾಮಸಭೆ ಕೂಡ ಹತ್ತು ಸಹಿಯ ಕಾಗದವಾಗಿ ಹೋಗುತ್ತದೆ. ಕೊನೆಗೆ ಹಕ್ಕಿನ ತಕರಾರು ಇದ್ದರೆ, ದುಡ್ಡು ತಗೊಳ್ಳುವವರು ಮುಂದೆ ಬರದಿದ್ದರೆ, ಪರಿಹಾರದ ಹಣವನ್ನು ಭೂಸ್ವಾಧೀನದ ತಕರಾರು ತೀರ್ಮಾನಿಸುವ ಪ್ರಾಧಿಕಾರದಲ್ಲಿ ಠೇವಣಿ ಇಡುತ್ತಾರೆ. ಅದು 77ನೇ ಸೆಕ್ಷನ್. ಭೂಮಿ ಹೋಯಿತು, ದುಡ್ಡು ಕೂತಿದೆ, ದುಡ್ಡಿನ ಒಡತಿಗೆ ಎರಡೂ ಗೊತ್ತಿಲ್ಲ.

ಬ್ಯಾಂಕಿನಲ್ಲಿ ಕೂತ ದುಡ್ಡಿನ ಕಥೆಯೂ ಹೀಗೇ. 10 ವರ್ಷ ಯಾರೂ ಮುಟ್ಟದ ಖಾತೆಯ ಹಣ 2014ರಿಂದ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತದೆ. 2024ರ ಮಾರ್ಚ್ ಕೊನೆಗೆ ಅಲ್ಲಿ ಸೇರಿದ್ದು 78,213 ಕೋಟಿ ರೂಪಾಯಿ. ಇದು ಮುಳುಗಿದ ಹಣ ಅಲ್ಲ, ದಯವಿಟ್ಟು ನೆನಪಿಡಿ. ವಾರಸುದಾರರು ಯಾವಾಗ ಬೇಕಾದರೂ ಅದೇ ಬ್ಯಾಂಕಿನಲ್ಲಿ ಕೇಳಬಹುದು. 2023ರ ಆಗಸ್ಟ್‌ನಿಂದ ಉದ್ಗಮ್ ಅನ್ನುವ ಜಾಲತಾಣದಲ್ಲಿ ಹುಡುಕಲೂಬಹುದು. 2025ರ ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಕೇಂದ್ರ ಸರ್ಕಾರ ಜಿಲ್ಲೆಗಳಲ್ಲಿ ಇದಕ್ಕೆಂದೇ ಶಿಬಿರ ಮಾಡಿಸಿತು.

ಆದರೆ ಬ್ಯಾಂಕಿಗೆ ಹೋಗಿ ಕೇಳುವುದಕ್ಕೆ ಅದರ ಈಗಿನ ಹೆಸರು ಗೊತ್ತಿರಬೇಕು. ನಮ್ಮ ಅಜ್ಜಿಯರ ಟ್ರಂಕಿನಲ್ಲಿ ಇರುವುದು ಕಲ್ಪತರು ಗ್ರಾಮೀಣ ಬ್ಯಾಂಕಿನ ಪಾಸ್‌ಬುಕ್. ಅದು ಕಾವೇರಿ ಕಲ್ಪತರು ಆಯಿತು. ಆಮೇಲೆ ಕಾವೇರಿ ಗ್ರಾಮೀಣ ಆಯಿತು. 2019ರಲ್ಲಿ ಮತ್ತೊಂದರ ಜೊತೆ ಸೇರಿತು. 2025ರ ಮೇ ತಿಂಗಳಲ್ಲಿ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್ ಆಯಿತು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲೇ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿಹೋಯಿತು. ಇದನ್ನೆಲ್ಲ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಹಳೆ ಹೆಸರು ಇದು, ಈಗ ಹೋಗಬೇಕಾದ್ದು ಇಲ್ಲಿಗೆ ಅಂತ ಪಂಚಾಯಿತಿಯಲ್ಲಿ ಅಂಟಿಸಿದರೆ ಎಷ್ಟು ಮನೆಗೆ ಉಪಕಾರ! ಅದಕ್ಕೆ ಕೋಟಿ ಬೇಡ, ಒಂದು ಜೆರಾಕ್ಸ್ ಸಾಕು.

ಪೊಲೀಸ್ ಠಾಣೆ ಮುಂದೆ ತುಕ್ಕು ಹಿಡಿದು ನಿಂತ ಬೈಕುಗಳದ್ದೂ ಇದೇ ಪಾಡು. ವಾರಸುದಾರರು ಆರು ತಿಂಗಳಲ್ಲಿ ಬನ್ನಿ ಅಂತ ಪ್ರಕಟಣೆ, ಆಮೇಲೆ ಹರಾಜು. ಇನ್ನು ವಾರಸುದಾರರೇ ಇಲ್ಲ ಅಂತಾದರೆ ಆಸ್ತಿ ಸರ್ಕಾರಕ್ಕೆ ಸೇರಬೇಕು ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 29ನೇ ಸೆಕ್ಷನ್ ಹೇಳುತ್ತದೆ. ಸರಿ, ಯಾರೂ ಇಲ್ಲದಿದ್ದರೆ ಸೇರಲಿ. ವಾರಸುದಾರರು ಇದ್ದೂ ಅವರಿಗೆ ಗೊತ್ತಿಲ್ಲದೆ ಇದ್ದರೆ? ಈ ಎರಡಕ್ಕೂ ಇರುವ ವ್ಯತ್ಯಾಸವನ್ನು ಪೇಪರಿನ ಒಳಪುಟದ ಸಣ್ಣಕ್ಷರದ ಜಾಹೀರಾತು ಕಂಡುಹಿಡಿಯಲಾರದು.

ಕಾನೂನು ಇಲ್ಲ ಅನ್ನುವ ಹಾಗೂ ಇಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ತೆಗೆದು ನೋಡಿ. ಮಾಹಿತಿ ಹರಡುವಾಗ ಸ್ಥಳೀಯ ಭಾಷೆ ನೋಡಬೇಕು, ಆ ಜಾಗದಲ್ಲಿ ಯಾವ ರೀತಿ ಹೇಳಿದರೆ ಚೆನ್ನಾಗಿ ತಲುಪುತ್ತದೆ ಅನ್ನುವುದನ್ನು ನೋಡಬೇಕು ಅಂತ ಅಲ್ಲೇ ಇದೆ. 2020ರಲ್ಲಿ ಪರಿಸರ ಅನುಮತಿ ನಿಯಮದ ಹೊಸ ಕರಡು ಬಂದಾಗ ಏನಾಯಿತು? ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದ ಮಾಡಿಸಿ ಅಂತ ಜೂನ್ 30ರಂದು ದೆಹಲಿ ಹೈಕೋರ್ಟ್ ಹೇಳಿತು. ಜನರಿಗೆ ಅವರ ಭಾಷೆಯಲ್ಲಿ ತಲುಪಿಸದೆ ಅಂತಿಮ ಮಾಡಲು ಹೊರಟಿದ್ದಕ್ಕೆ ಆಗಸ್ಟ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ತಡೆ ಕೊಟ್ಟಿತು. ಆ ತೀರ್ಪುಗಳ ಹಿಂದಿನ ಯೋಚನೆ ಹೋಬಳಿ ಮಟ್ಟಕ್ಕೆ ಇಳಿದಿಲ್ಲ, ನನ್ನ ತಕರಾರು ಅಷ್ಟೇ.

ಗ್ರಾಮ ಆಡಳಿತಾಧಿಕಾರಿಗಳಿಗೆ ಇನ್ನೂ ಕೆಲಸ ಹೇರಬೇಕು ಅಂತ ನಾನು ಹೇಳುತ್ತಿಲ್ಲ. ಆ್ಯಪ್ ಮೇಲೆ ಆ್ಯಪ್ ಕೊಟ್ಟು ಸುಸ್ತು ಮಾಡಿದ್ದಕ್ಕೇ ಅವರು 2024ರ ಸೆಪ್ಟೆಂಬರ್‌ನಲ್ಲಿ ಮುಷ್ಕರಕ್ಕೆ ಕೂತಿದ್ದು. ಊರಿನಲ್ಲಿ ಈಗಾಗಲೇ ಇರುವ ದಾರಿಗಳನ್ನೇ ಬಳಸಿದರೆ ಸಾಕು. ಹಿಂದೆ ತಮಟೆ ಹೊಡೆದು ಡಂಗೂರ ಸಾರುತ್ತಿದ್ದರು. ಈಗ ಪಂಚಾಯಿತಿಯ ಕಸದ ಗಾಡಿ ಮೈಕ್ ಹಾಕಿಕೊಂಡು ಬೀದಿ ಬೀದಿ ಸುತ್ತುತ್ತದೆ. ಎಷ್ಟೋ ಕಡೆ ಅದನ್ನು ಓಡಿಸುವವರು ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಊರಿನ ಪ್ರತಿ ಮನೆ ಅವರಿಗೆ ಗೊತ್ತು. ಆ ಮೈಕಿನಲ್ಲಿ ಸರ್ವೆ ನಂಬರ್, ಹೊಲದ ಹೆಸರು, ಕೊನೆಯ ತಾರೀಖು, ಮೂರೇ ಮೂರು ವಿಷಯ ಹೇಳಲಿ. ಸರ್ವೆ ನಂಬರ್ ಎಲ್ಲರಿಗೂ ನೆನಪಿರುವುದಿಲ್ಲ. "ಬೇವಿನಮರದ ಹೊಲ", "ಕೆರೆ ಹಿಂದಿನ ಗದ್ದೆ" ಅಂದರೆ ಊರಿಗೆ ಊರೇ ತಿರುಗಿ ನೋಡುತ್ತದೆ. ಹಾಲಿನ ಡೈರಿ ಗೋಡೆ ಇದೆ, ಬೆಳಿಗ್ಗೆ ಸಂಜೆ ಎರಡು ಹೊತ್ತೂ ಜನ ಸಾಲು ನಿಲ್ಲುತ್ತಾರೆ. ರೇಷನ್ ಅಂಗಡಿಗೆ ಹೆಬ್ಬೆಟ್ಟು ಒತ್ತಲು ತಿಂಗಳಿಗೆ ಒಮ್ಮೆ ಬಂದೇ ಬರುತ್ತಾರೆ. ತಾಲ್ಲೂಕು ಕಚೇರಿಯ ಬೀಗ ಹಾಕಿದ ಗಾಜಿನ ಬೋರ್ಡಿಗಿಂತ ಇವು ಸಾವಿರ ಪಾಲು ಮೇಲು.

ಗಡುವಿನ ಲೆಕ್ಕವೂ ಬದಲಾಗಲಿ. ದಿನ ಎಣಿಸುವುದು ಪೇಪರಿನಲ್ಲಿ ಬಂದ ತಾರೀಖಿನಿಂದ ಬೇಡ. ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಿದ ದಿನದಿಂದ ಎಣಿಸಲಿ. ಖಾತೆದಾರರು ತೀರಿಕೊಂಡಿದ್ದರೆ ವಂಶವೃಕ್ಷ ತೆಗೆದು, ಹೆಣ್ಣುಮಕ್ಕಳೂ ಸೇರಿ ಇರುವವರಿಗೆಲ್ಲ ಒಂದು ಫೋನ್ ಮಾಡಲಿ. ಯೋಜನೆ ತಡವಾಗುತ್ತದೆ ಅನ್ನುವವರು ಕೋರ್ಟಿನಲ್ಲಿ ವರ್ಷಗಟ್ಟಲೆ ಕೂತ ಭೂಸ್ವಾಧೀನದ ಕೇಸುಗಳನ್ನೂ ಆ ತಡದ ಲೆಕ್ಕಕ್ಕೆ ಸೇರಿಸಿಕೊಳ್ಳಲಿ.

ನಮ್ಮ ಪಂಚಾಯಿತಿಗೆ ಊರಿನ ಕೆಲವರು ಸೇರಿ ಅರ್ಜಿ ಕೊಟ್ಟಿದ್ದೇವೆ. ಜಮೀನು, ಕೆರೆ, ವಾರಸುದಾರಿಕೆಗೆ ಸಂಬಂಧಪಟ್ಟ ಯಾವ ಪ್ರಕಟಣೆ ಬಂದರೂ ಡೈರಿ ಗೋಡೆಗೆ ಹಾಕಬೇಕು, ಕಸದ ಗಾಡಿ ಮೈಕಿನಲ್ಲಿ ಹೇಳಬೇಕು, ಮುಂದಿನ ಗ್ರಾಮಸಭೆಯಲ್ಲಿ ಓದಬೇಕು ಅಂತ. ಪಿಡಿಒ ಅವರು ಅರ್ಜಿ ಓದಿ ಒಪ್ಪಿದ್ದಾರೆ, ಗ್ರಾಮಸಭೆಯ ವಿಷಯಪಟ್ಟಿಗೆ ಸೇರಿಸುತ್ತೇನೆ ಅಂದಿದ್ದಾರೆ. ಅರ್ಜಿ ಒಂದೇ ಪುಟದ್ದು. ನಿಮ್ಮ ಪಂಚಾಯಿತಿಗೂ ಕೊಡಬೇಕು ಅನ್ನಿಸಿದರೆ ಹೇಳಿ, ಕಳಿಸುತ್ತೇನೆ. ಊರಿನ ಹೆಸರು ಬದಲಾಯಿಸಿಕೊಂಡರೆ ಆಯಿತು.